ಹಡಗಿನವರ ವಯಸ್ಸು

ಸಂಕ್ರಾಂತಿಯ ಮರುವಾರ ಜಮಖಂಡಿಯ ಏಜೆಂಟ್ ಶಶಿಕಾಂತ ಫೋನ್ ಮಾಡಿ, ರಬಕವಿಯ ಬಸಗೊಂಡಪ್ಪನ ಸೀರೆ ಅಂಗಡಿಗೆ ಈ ವರ್ಷ ಹಡಗಿನ ಪ್ರವಾಸ ಬಂದಿದೆ ಎಂದು ತಿಳಿಸಿದ. ಸೂರತ್ತಿನ ಮಿಲ್ಲೊಂದು ತನ್ನ ಮಾಲನ್ನು ಹೆಚ್ಚು ಮಾರಿದ ಅಂಗಡಿಗಳಿಗೆ ಪ್ರತಿವರ್ಷ ಏನಾದರೊಂದು ಕೊಡುತ್ತಿತ್ತು. ಒಂದು ವರ್ಷ ಗೋಡೆ ಗಡಿಯಾರ, ಇನ್ನೊಂದು ವರ್ಷ ಮಿಕ್ಸರ್. ಈ ಸಲ ಫೆಬ್ರವರಿಯಲ್ಲಿ ಮುಂಬಯಿಯಿಂದ ಹೊರಟು ಗೋವಾ, ಲಕ್ಷದ್ವೀಪ ಮುಟ್ಟಿ ಬರುವ ಹಡಗಿನಲ್ಲಿ ನಾಲ್ಕು ರಾತ್ರಿ, ಇಬ್ಬರಿಗೆ. ಊಟ, ವಸತಿ ಎಲ್ಲ ಮಿಲ್ಲಿನದು. ತಿಂಗಳ ಕೊನೆಯೊಳಗೆ ಎರಡು ಹೆಸರು ಹೇಳಬೇಕು. ಹೇಳದಿದ್ದರೆ ಆ ಜಾಗ ಬನಹಟ್ಟಿಯ ಇನ್ನೊಂದು ಅಂಗಡಿಗೆ ಹೋಗುತ್ತದೆ.

ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದ ಬಸಗೊಂಡಪ್ಪ ಕೈತೊಳೆದು ಕೂರುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದ.

“ಬಸವಕುಮಾರ, ಮಹಾನಂದಾ ಹೋಗಿ ಬರ್ಲಿ,” ಎಂದ. “ಹಡಗ ಅಂದ್ರ ಅದು ಸೊಸಿ ಕಪಾಟಿನ ಮಾಲ.”

ಆ ಮನೆಯಲ್ಲಿ ಈ ಮಾತಿಗೆ ವಿವರಣೆ ಬೇಕಿರಲಿಲ್ಲ. ಅಂಗಡಿಯಲ್ಲಿ ಸೀರೆಗಳನ್ನು ಮೂರು ಕಪಾಟಿನಲ್ಲಿ ಇಡುತ್ತಿದ್ದರು: ಸೊಸಿ, ಅತ್ತಿ, ಆಯಿ, ಅಂದರೆ ಅಜ್ಜಿ. ಮದುವೆಗೆಂದು ಎರಡೂ ಮನೆಯವರ ಬಟ್ಟೆಯನ್ನು ಒಟ್ಟಿಗೆ ಕೊಳ್ಳುವುದಕ್ಕೆ ಈ ಕಡೆ ಬಸ್ತಾ ಎನ್ನುತ್ತಾರೆ. ಬಸ್ತಾಕ್ಕೆ ಬಂದವರನ್ನು ಬಣ್ಣ ಯಾವುದು, ಬೆಲೆ ಎಷ್ಟರದು ಎಂದು ಕೇಳುವ ಮೊದಲು, ಯಾರಿಗೆ ಎಂದು ಕೇಳಬೇಕು. ಬಸಗೊಂಡಪ್ಪನ ಹೆಂಡತಿ ಶಿವಗಂಗವ್ವ ಮಧ್ಯಾಹ್ನದ ಮೇಲೆ ಅಂಗಡಿಯ ಗಾದಿಯ ಮೇಲೆ ಕೂರುತ್ತಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುವ ಹೆಂಗಸನ್ನು ನೋಡಿಯೇ ಯಾವ ಕಪಾಟು ತೆರೆಯಬೇಕೆಂದು ಹೇಳುತ್ತಿದ್ದಳು. ವರ್ಷಗಳು ಕಳೆದಂತೆ ಈ ರೂಢಿ ಸೀರೆಯನ್ನು ದಾಟಿ ಮನೆಯೊಳಗೆ ಬಂದಿತ್ತು. ಪಾನಿಪುರಿ ಸೊಸಿ ಕಪಾಟು, ಸ್ವೆಟರು ಆಯಿ ಕಪಾಟು.

ಶಿವಗಂಗವ್ವನಿಗೆ ಅರವತ್ತಾರು. ತವರು ಹಿಪ್ಪರಗಿ. ಬ್ಯಾರೇಜಿನ ಹಿಂದೆ ನಿಂತ ಕೃಷ್ಣೆಗಿಂತ ದೊಡ್ಡ ನೀರನ್ನು ಅವಳು ನೋಡಿರಲಿಲ್ಲ. ಆ ಹಡಗಿನಲ್ಲಿ ತಾನು ಹೋಗಬೇಕು ಎಂದು ಅವಳಿಗೆ ಅನಿಸಿದ್ದು ಗಂಡನ ತಾಟಿಗೆ ಝುಣಕ ಹಾಕುವಾಗಲೇ. ಅನಿಸಿದ್ದನ್ನು ಹೇಳಲಿಲ್ಲ. ಪ್ರಶ್ನೆ ಕೇಳಿದಳು.

“ಅದರಾಗ ಎಂಥಾ ವಯಸ್ಸಿನವ್ರು ಹೋಗ್ತಾರ್ರಿ?”

“ಹರೇದವ್ರು. ಹೊಸದಾಗಿ ಲಗ್ನ ಆದವ್ರು.”

“ನೀವು ನೋಡೀರೇನು?”

“ನೋಡಬೇಕೇನ ಅದಕ್ಕ? ಇನ್ನೊಂದ ರೊಟ್ಟಿ ಹಾಕು.”

ಸಂಜೆ ಮಗ ಬಸವಕುಮಾರ ಕೆಲಸದಿಂದ ಬಂದ. ಅವನು ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ವಿಷಯ ಕೇಳಿ ಬೂಟು ಬಿಚ್ಚುತ್ತಲೇ ತಲೆ ಅಲ್ಲಾಡಿಸಿದ.

“ಅಪ್ಪಾ, ಹಂಗಾಮ ನಡದೈತಿ. ಕಬ್ಬ ಮುಗಿಯೂತನಕ ಸೂಟಿ ಅಂತ ಬಾಯಿ ಬಿಡಾಕ ಬರೂದಿಲ್ಲ.”

“ಮಹಾನಂದಾ ಯಾರನ್ನರ ಕರಕೊಂಡ ಹೋಗ್ಲಿ.”

ಸೊಸೆ ಮಹಾನಂದಾ ಜಮಖಂಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ. ದಿನವೂ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು, ನಿಂಬೆಹಣ್ಣು ಮೂಸುತ್ತ ಹೋಗುವವಳು.

“ಮಾವಾರ, ಜಮಖಂಡಿ ಮುಟ್ಟೂದ್ರಾಗ ನನಗ ಹೊಟ್ಟಿ ತೊಳಸ್ತೈತಿ. ನಾಕ ದಿನಾ ನೀರ ಮ್ಯಾಲ? ಕೈ ಮುಗೀತೀನಿ, ಬ್ಯಾಡ್ರಿ.”

“ನಾ ಹೋಗ್ತಿದ್ದೆ,” ಎಂದಳು ಬಿ.ಎಸ್‌ಸಿ. ಓದುತ್ತಿದ್ದ ಮೊಮ್ಮಗಳು ಕಾವ್ಯ. “ಆದ್ರ ಫೆಬ್ರವರಿದಾಗ ಪ್ರಾಕ್ಟಿಕಲ್ ಅದಾವ.”

ಬಸವಕುಮಾರ ಬೂಟನ್ನು ಮೂಲೆಗೆ ಸರಿಸಿದ.

“ಹಂಗಾರ ನಾವಿಬ್ರೂ ಹೋಗೂಣೇನ್ರಿ?” ಎಂದಳು ಶಿವಗಂಗವ್ವ.

ಬಸಗೊಂಡಪ್ಪ ನಕ್ಕ. ಶಶಿಕಾಂತ ಕಳಿಸಿದ್ದ ವಿಡಿಯೋ ತೆಗೆದು ಫೋನನ್ನು ಅವಳ ಮುಂದೆ ಹಿಡಿದ. ಈಜುಕೊಳ, ಬಣ್ಣದ ದೀಪ, ಕೈ ಮೇಲೆತ್ತಿ ಕುಣಿಯುವ ಹುಡುಗ ಹುಡುಗಿಯರು.

“ಇವ್ರಾಗ ನಿನ್ನ ವಯಸ್ಸಿನಾಕಿ ಒಬ್ಬಾಕೀನ ತೋರ್ಸು ನೋಡೂಣು.”

ಅವಳು ವಿಡಿಯೋವನ್ನು ಕೊನೆಯವರೆಗೂ ನೋಡಿದಳು. ಮತ್ತೊಮ್ಮೆ ನೋಡಿದಳು.

“ವಿಡಿಯೋ ಮಾಡಾವ್ರು ಮುದುಕ್ಯಾರನ್ನ ಹಿಡ್ಯಂಗಿಲ್ರಿ. ನಾವೇನ ಅಂಗಡಿ ಗೊಂಬಿಗಿ ಎಂದಾದ್ರೂ ಆಯಿ ಕಪಾಟಿನ ಸೀರಿ ಉಡಿಸೇವೇನು? ಹಂಗಂತ ಆ ಸೀರಿ ಯಾರೂ ಒಯ್ಯೂದಿಲ್ಲೇನು?”

ಕಾವ್ಯ ಜೋರಾಗಿ ನಕ್ಕಳು. “ಮುತ್ಯಾ, ಆಯಿ ಹೇಳೂದ್ರಾಗ ಪಾಯಿಂಟ್ ಐತಿ. ಖರೆ ಯಾವ ವಯಸ್ಸಿನವ್ರು ಹೋಗ್ತಾರ ಅಂತ ನಾ ಹುಡುಕಿ ಹೇಳ್ತೀನಿ ತಡೀರಿ.”

“ಹುಡುಕು. ಪರೀಕ್ಷಾ ಬಿಟ್ಟ ಅದನ್ನ ಹುಡುಕು,” ಎಂದು ಮಹಾನಂದಾ ಅಡುಗೆಮನೆಗೆ ಹೋದಳು.

ಆ ವಾರವೆಲ್ಲ ಕಾವ್ಯ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಅದನ್ನೇ ಓದಿದಳು. ಹಡಗು ಕಂಪನಿಗಳು ಹೇಳುವುದು, ಹೋಗಿ ಬಂದವರು ಬರೆಯುವುದು, ಎರಡನ್ನೂ ತಾಳೆ ಹಾಕಿದಳು. ಭಾನುವಾರ ಎಲ್ಲರೂ ಬದನೆಕಾಯಿ ಎಣ್ಣೆಗಾಯಿಗೆ ಕೂತಾಗ ಬಾಯಿ ಬಿಟ್ಟಳು.

“ಆಯಿ, ಇದು ಅಂದಾಜ ಮತ್ತ. ಕಂಪನಿಯಿಂದ ಕಂಪನಿಗಿ ಬ್ಯಾರೆ ಆಕ್ಕೈತಿ. ಮೂರ ನಾಕ ರಾತ್ರಿ ಹಡಗಿನ್ಯಾಗ ಹರೇದವ್ರ ಜಾಸ್ತಿ. ಮೂವತ್ತು, ನಲವತ್ತು, ಅಷ್ಟರೊಳಗ.”

“ಯಾಕ?”

“ಅವ್ರಿಗಿ ಸೂಟಿ ಎಲ್ಲಿ ಸಿಗತೈತಿ? ಅಪ್ಪನ್ನ ನೋಡು. ಒಂದ ವಾರದ್ದಾದ್ರ ನಡುವಯಸ್ಸಿನವ್ರು, ಮಕ್ಕಳನ್ನ ಕಟ್ಟಿಕೊಂಡ ಬರ್ತಾರ. ಎರಡ ವಾರ ದಾಟಿದ್ರ ಅರವತ್ತರ ಆಜೂಬಾಜೂ. ಜಗತ್ತ ಸುತ್ತೂ ಹಡಗ ಇರ್ತಾವ, ಮೂರ ನಾಕ ತಿಂಗಳ ನೀರ ಮ್ಯಾಲ ಇರೂವು. ಅದರಾಗ ರಿಟೈರ್ ಆದವ್ರ ತುಂಬಿರ್ತಾರ. ಎಪ್ಪತ್ತು, ಎಂಬತ್ತು.”

“ಎಂಬತ್ತು?” ಶಿವಗಂಗವ್ವನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. “ಅಂದ್ರ ದಿನಾ ಹೆಚ್ಚಾದಂಗ ವಯಸ್ಸೂ ಹೆಚ್ಚು.”

“ಹೂಂ. ಯುರೋಪಿನ್ಯಾಗ ನದಿ ಮ್ಯಾಲಿನ ಹಡಗ ಅದಾವ, ಅವೂ ಹಂಗ, ಅರವತ್ತ ದಾಟಿದವ್ರು. ನೀರ ಜಾರಬಂಡಿ ಇರೂ ದೊಡ್ಡ ಹಡಗಿನ್ಯಾಗ ಹುಡುಗೂರ ಗದ್ದಲ. ಇನ್ನ ಕೆಲವಕ್ಕ ಹದಿನೆಂಟರ ಒಳಗಿನವ್ರನ್ನ ಹತ್ತಾಕ ಬಿಡಂಗಿಲ್ಲ. ಬರೇ ಹಿಮ ಇರ್ತೈತಲ್ಲ, ಅಲ್ಲಿಗಿ ಹೋಗಾವ್ರೂ ಐವತ್ತು ಅರವತ್ತರವ್ರ.”

“ಹಿಮದಾಗ ಮುದುಕ್ರು! ಏನ ನೋಡಾಕ?”

“ಹಕ್ಕಿ ನೋಡಾಕ, ಆಯಿ.”

“ಅವ್ರ ಊರಾಗ ಹಕ್ಕಿ ಇಲ್ಲೇನು?” ಎಂದ ಬಸಗೊಂಡಪ್ಪ. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. “ಆತು. ನಮ್ಮದು ಎಷ್ಟ ರಾತ್ರಿದು?”

“ನಾಕು.”

“ಮತ್ತ? ಸೊಸಿ ಕಪಾಟ ಅಂತ ನಾ ಮೊದಲ ಹೇಳಿದ್ನಿಲ್ಲೋ? ಅರವತ್ತರಾಕಿ ಬಂದ ಗಿಳಿಹಸರ ಸೀರಿ ಕೇಳಿದ್ರ ನೀ ಏನಂತಿ? ‘ಅವ್ವಾರ, ಇದು ನಿಮಗ ಒಪ್ಪೂದಿಲ್ರಿ’ ಅಂತಿ. ಈಗ ನಿನಗ್ಯಾಕ ಗಿಳಿಹಸರು?”

ಶಿವಗಂಗವ್ವ ತಾಟುಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಹಿತ್ತಲಿಗೆ ಹೋದಳು. ಕಾವ್ಯ ಮುಖ ಸಣ್ಣದು ಮಾಡಿಕೊಂಡು ಕೂತಳು. ಹುಡುಕಿ ತಂದಿದ್ದು ಆಯಿಗೇ ತಿರುಗಿಬಿದ್ದಿತ್ತು.

ಸ್ವಲ್ಪ ಹೊತ್ತಿಗೆ ಶಿವಗಂಗವ್ವ ಒದ್ದೆ ಕೈಯಲ್ಲೇ ಬಾಗಿಲಲ್ಲಿ ನಿಂತಳು.

“ಕಾವ್ಯಾ, ಆ ಹಡಗ ಹೊಂಡೂ ವಾರ ಸಾಲಿ ನಡದಿರ್ತಾವೋ, ಸೂಟಿ ಇರ್ತೈತೋ?”

“ಫೆಬ್ರವರಿ ಅಲ್ಲೇನು? ಸಾಲಿ ನಡದಿರ್ತಾವ. ಯಾಕ?”

“ಪಂಚಮಿ ಮುಂದ ಬಾಂಧನಿ ಸೀರಿ ಹುಡುಗ್ಯಾರ ಒಯ್ತಾರ. ಅದ ಬಾಂಧನಿ ಮಾಘದಾಗ ಅತ್ತ್ಯಾರು ಒಯ್ತಾರ. ಸೀರಿ ಬದಲಾತೇನು? ತಿಂಗಳ ಬದಲಾತು. ಎಷ್ಟ ರಾತ್ರಿದು ಅಂತ ನೋಡಿದಿ. ಯಾವ ವಾರದ್ದು ಅಂತ ನೋಡೀಯೇನು?”

ಕಾವ್ಯ ನೋಡಿರಲಿಲ್ಲ. ಮರುದಿನ ಕಾಲೇಜು ಬಿಟ್ಟ ಮೇಲೆ ಜಮಖಂಡಿ ಪೇಟೆಯಲ್ಲಿ ಶಶಿಕಾಂತನ ಆಫೀಸಿಗೆ ಹೋದಳು. ಶಶಿಕಾಂತ ವ್ಯಾಪಾರಿಗಳನ್ನು ಹಿಂದೆಯೂ ಎರಡು ಸಲ ಹಡಗಿಗೆ ಕರೆದೊಯ್ದಿದ್ದ. ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಖುಷಿಯಾಗಿ ಹೇಳಿದ.

“ಮೇ ತಿಂಗಳದಾಗ ಹೋದಾಗ ಹುಡುಗೂರ ಕಾಟಕ್ಕ ಲಿಫ್ಟಿನ್ಯಾಗ ನಿಲ್ಲಾಕ ಜಾಗಾ ಇರಲಿಲ್ಲವ್ವ. ಫೆಬ್ರವರಿದಾಗ ಹೋದಾಗ ಹಡಗ ಬ್ಯಾರೆನ ಇತ್ತು. ಗುಜರಾತಿ, ಮರಾಠಿ ಮಂದಿ, ನೌಕರಿ ಮುಗಿಸಿದವ್ರು, ಗುಂಪ ಗುಂಪ ಕುಂತ ಇಸ್ಪೀಟ ಆಡಾವ್ರು. ಅದರಾಗೂ ಶುಕ್ರವಾರ ಬಿಡೂದಾದ್ರ ಮುಂಬಯಿ ಹುಡುಗೂರು ಬರ್ತಡೇ ಮಾಡಾಕ ಬರ್ತಾರ. ಸೋಮವಾರ ಬಿಡೂದಾದ್ರ ಹಿರ್‍ಯಾರು.”

“ನಮ್ಮದು?”

“ಸೋಮವಾರ.”

ಅಂದು ಸಂಜೆ ಕಾವ್ಯ ಹೊಸ್ತಿಲಲ್ಲೇ ಕೂಗಿದಳು: “ಆಯಿ, ಸೋಮವಾರ!”

ಶಿವಗಂಗವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಶುಕ್ರವಾರ ಬರುವ ಹುಡುಗರು ಕೇಕು ಹೊರಗಿನಿಂದ ತರುತ್ತಾರೋ ಹಡಗಿನಲ್ಲೇ ಮಾಡುತ್ತಾರೋ ಎಂದೂ ಕೇಳಿದಳು. ಆಮೇಲೆ ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದ ಗಂಡನ ಹತ್ತಿರ ಹೋದಳು.

“ಕೇಳಿದ್ರೇನು? ನಮ್ಮ ವಯಸ್ಸಿನವ್ರ ಇರ್ತಾರಂತ. ಇನ್ನೊಮ್ಮೆ ಕೇಳ್ತೀನಿ, ಬರ್ತೀರೇನು?”

“ವಯಸ್ಸಿನ ಮಾತಲ್ಲ ಬೇ. ನನಗ ಬ್ಯಾಡ. ಧೋತ್ರ ಉಟಕೊಂಡ ಹಡಗ ಹತ್ತಿದ್ರ ಪ್ಯಾಟ್ಯಾಗ ಮಂದಿ ನಗ್ತಾರ.”

“ಹಂಗಾರ ನಾ ಯಾರ ಜೋಡಿ ಹೋಗ್ಲಿ?”

ಬಸಗೊಂಡಪ್ಪ ಪೇಪರು ಕೆಳಗಿಳಿಸಿದ. “ಅಂದ್ರ ನೀ ಹೋಗಾಕೀನ?”

“ಹೂಂ.”

“ಯಾರೂ ಬರಲಿಲ್ಲಂದ್ರ?”

“ತಿಂಗಳ ಇನ್ನ ಮುಗದಿಲ್ಲಲ್ಲ.”

ಹೆಸರು ಹೇಳಲು ನಾಲ್ಕೈದು ದಿನ ಉಳಿದಿದ್ದಾಗ ಬೀಳಗಿಯಿಂದ ಪಾರವ್ವ ಅಂಗಡಿಗೆ ಬಂದಳು. ಪಾರವ್ವ ಮಹಾನಂದಾಳ ತಾಯಿ, ಅಂದರೆ ಶಿವಗಂಗವ್ವನಿಗೆ ಬೀಗತಿ. ಗಂಡ ತೀರಿ ಬಹಳ ವರ್ಷವಾಗಿತ್ತು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗದೆ ಉಳಿದ ಹೊಲವನ್ನು ಮೈದುನನ ಜೊತೆ ಸೇರಿ ತಾನೇ ನಿಂತು ಮಾಡಿಸುತ್ತಿದ್ದಳು. ಈಗ ಮೈದುನನ ಮಗನ ಮದುವೆಯ ಬಸ್ತಾಕ್ಕೆ ಬಂದಿದ್ದಳು. ಇಬ್ಬರು ಬೀಗತಿಯರ ನಡುವೆ ಇಪ್ಪತ್ತು ವರ್ಷದಿಂದ ಇದ್ದದ್ದು ಚಹಾ, ಅವಲಕ್ಕಿ, ‘ಆರಾಮ ಅದೀರೇನ್ರಿ’ ಇಷ್ಟೇ.

ಮದುವೆಯ ಲೆಕ್ಕದ ಸೀರೆಗಳೆಲ್ಲ ಆದ ಮೇಲೆ ಪಾರವ್ವ, “ನನಗೂ ಒಂದ ತೋರಸ್ರಿ,” ಎಂದಳು. ಶಿವಗಂಗವ್ವ ರೂಢಿಯಂತೆ ಆಯಿ ಕಪಾಟು ತೆಗೆಸಿದಳು. ಬೂದು, ಕಂದು, ಸಣ್ಣ ಅಂಚು.

“ಯಾರಿಗ್ರಿ ಇವು? ನಮ್ಮವ್ವ ಹೋಗಿ ಭಾಳ ವರ್ಷಾತಲ್ರಿ ಬೀಗತ್ಯಾರ.”

ಅಂಗಡಿಯಲ್ಲಿದ್ದ ಹೆಂಗಸರು ನಕ್ಕರು. ಪಾರವ್ವ ತಾನೇ ಎದ್ದು ಸೊಸಿ ಕಪಾಟಿನಿಂದ ಹೂವಿನ ಕೆಂಪು ಸೀರೆಯೊಂದನ್ನು ಎಳೆದು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು.

“ಒಪ್ಪೂದಿಲ್ಲ ಅಂತೀರೇನ್ರಿ?”

ಶಿವಗಂಗವ್ವ ಕನ್ನಡಿಯಲ್ಲಿ ಅವಳ ಮುಖವನ್ನೂ ಸೀರೆಯನ್ನೂ ನೋಡಿದಳು. “ಒಪ್ಪೈತ್ರಿ,” ಎಂದಳು. ಸೀರೆ ಮಡಚುತ್ತ ಮೆಲ್ಲಗೆ ಕೇಳಿದಳು, “ಬೀಗತ್ಯಾರ, ನನ್ನ ಜೋಡಿ ಹಡಗಿನ್ಯಾಗ ಬರ್ತೀರೇನು?”

ಎಲ್ಲವನ್ನೂ ಕೇಳಿದ ಪಾರವ್ವ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. “ನೀರ ನಮ್ಮನ್ನ ಹುಡುಕ್ಕೊಂಡ ಹೊಲಕ್ಕ ಬಂತು. ಈಗ ನಾ ಅದನ್ನ ಹುಡುಕ್ಕೊಂಡ ಹೋಗಿ ನೋಡ್ತೀನಿ ತಗೋರಿ,” ಎಂದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು: “ಅಲ್ಲಿ ಶಾಕಾಹಾರಿ ಊಟ ಸಿಗತೈತಿಲ್ರಿ?”

ಸುದ್ದಿ ಕೇಳಿ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಗಾಬರಿಯಾದವಳು ಮಹಾನಂದಾ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಅತ್ಯಾರ, ನಮ್ಮವ್ವ? ನೀವು ಮತ್ತ ನಮ್ಮವ್ವ ಒಂದ ಖೋಲ್ಯಾಗ?”

“ಯಾಕವ್ವ, ನಿಮ್ಮವ್ವ ಗೊರಕಿ ಹೊಡೀತಾಳೇನು?”

“ಗೊರಕಿ ಹೊಡದ್ರ ಛಲೋ ಇತ್ತು. ಮಾತಾಡ್ತಾಳ. ನಾ ಸಣ್ಣಾಕಿದ್ದಾಗಿಂದ ಸುರು ಮಾಡ್ತಾಳ.”

“ಮಾಡ್ಲಿ. ನಾ ನೀ ಈ ಮನಿಗಿ ಬಂದಾಗಿಂದ ಸುರು ಮಾಡ್ತೀನಿ.”

ಬಸವಕುಮಾರ ನಗು ತಡೆಯಲು ಎದ್ದು ಹೋದ. ಮಹಾನಂದಾ ಅವನ ಬೆನ್ನಿಗೆ, “ನಗ್ರಿ, ನಿಮ್ಮ ಪಾಳಿನೂ ಬರ್ತೈತಿ,” ಎಂದಳು. ಅತ್ತೆಯ ಕಡೆ ತಿರುಗಿ ಬೇರೆ ದಾರಿ ಹಿಡಿದಳು. “ಬೀಗರ ಬೀಗರ ನಡುವ ಒಂದ ಮಾತ ಹೆಚ್ಚು ಕಡಿಮಿ ಆದ್ರ ನಡುವ ಸಿಗಾಕಿ ನಾ ಅದೀನ್ರಿ.”

“ಅದಕ್ಕ ಇಪ್ಪತ್ತ ವರ್ಷ ಮಾತಾಡಿಲ್ಲಲ್ಲ. ಚಾ ಕುಡದೇವಿ, ಎದ್ದೇವಿ. ನಿಮ್ಮವ್ವ ಇಷ್ಟ ನಗಸ್ತಾಳ ಅಂತ ಇವತ್ತ ಗೊತ್ತಾತು ನನಗ.”

ಮರುದಿನ ಬೆಳಿಗ್ಗೆ ಶಿವಗಂಗವ್ವ ತಾನೇ ಶಶಿಕಾಂತನಿಗೆ ಫೋನ್ ಮಾಡಿಸಿ ಎರಡು ಹೆಸರು, ಎರಡು ವಯಸ್ಸು ಹೇಳಿದಳು. ಬಸಗೊಂಡಪ್ಪ ಕೇಳಿಸದವನಂತೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ.

ಫೆಬ್ರವರಿಯ ಮೊದಲ ವಾರ ತಯಾರಿಯಲ್ಲಿ ಹೋಯಿತು. ಮಹಾನಂದಾ ಎಷ್ಟು ಗೊಣಗಿದರೂ ಇಬ್ಬರಿಗೂ ವಾಂತಿಯ ಮಾತ್ರೆ ತಂದು, ಯಾವಾಗ ನುಂಗಬೇಕೆಂದು ಎರಡೆರಡು ಸಲ ಹೇಳಿದಳು. ಹೊರಗಿನ ಅಡುಗೆಯನ್ನು ಹಡಗಿಗೆ ಬಿಡುವುದಿಲ್ಲ ಎಂದು ಶಶಿಕಾಂತ ಹೇಳಿದ ಮೇಲೂ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಸಿದ್ಧವಾದವು. ಬಸ್ಸಿನಲ್ಲಾದರೂ ತಿನ್ನಬಹುದಲ್ಲ ಎಂಬುದು ಶಿವಗಂಗವ್ವನ ವಾದ. ಕಾವ್ಯ ವಿಡಿಯೋ ಕಾಲ್ ಮಾಡುವುದನ್ನು ಆಯಿಗೆ ಕಲಿಸಿದಳು.

ಹೊರಡುವ ಎರಡು ದಿನ ಮೊದಲು ಶಶಿಕಾಂತ ಅಂಗಡಿಗೆ ಬಂದಿದ್ದ. ಚಹಾ ಕುಡಿಯುತ್ತ ಈ ಸಲದ ಗುಂಪಿನ ಮಾತು ತೆಗೆದ.

“ಹರೇದವ್ರು ಯಾರೂ ಇಲ್ರಿ ಕಾಕಾ. ಮಕ್ಕಳು ಅಂಗಡಿ ಬಿಟ್ಟ ಬರಾಕ ಆಗೂದಿಲ್ಲ ಅಂತಾರ, ಎಲ್ಲಾ ಅಂಗಡಿಯವ್ರೂ ತಂದಿ ತಾಯೀನ ಕಳಸಾಕತ್ತಾರ. ಮುಧೋಳದ ಶಿದ್ರಾಮಪ್ಪಗ ನಿಮಗಿಂತ ಎರಡ ವರ್ಷ ಹೆಚ್ಚ. ಅವ್ರೂ ಧೋತ್ರದವ್ರ. ಹೆಂಡ್ತಿ ಜೋಡಿ ಹೊಂಟಾರ. ನೀವ ಯಾಕ ಬ್ಯಾಡಂದ್ರಿ?”

ಬಸಗೊಂಡಪ್ಪ ಆ ಸಂಜೆ ಬೇಗ ಮನೆಗೆ ಬಂದ. ಊಟದ ನಡುವೆ ಯಾರ ಮುಖವನ್ನೂ ನೋಡದೆ ಹೇಳಿದ:

“ಪಾರವ್ವಾರಿಗಿ ಇಳಿವಯಸ್ಸು. ಕಡಲ ಹವಾ ಒಗ್ಗತೈತೋ ಇಲ್ಲೋ. ಅವ್ರಿಗಿ ತಿಳಿಸಿ ಹೇಳಿದ್ರ, ಅವ್ರ ಬದ್ಲಿ ನಾನ ಬಂದೇನು.”

“ಪಾರವ್ವಾರು ನಿಮಗಿಂತ ಎಂಟ ವರ್ಷ ಸಣ್ಣಾವ್ರು,” ಎಂದಳು ಶಿವಗಂಗವ್ವ.

“ವಯಸ್ಸಿನ ಮಾತಲ್ಲ ಅದು.”

“ಹೌದ್ರಿ, ವಯಸ್ಸಿನ ಮಾತಲ್ಲ. ಬೀಗತ್ಯಾರಿಗಿ ಮಾತ ಕೊಟ್ಟೇನಿ.”

“ಬಿಡಿಸಿ ಹೇಳಿದ್ರ ತಿಳ್ಕೋತಾರ. ಮಹಾನಂದಾ, ನೀನೂ ಬ್ಯಾಡ ಅಂತಿದ್ದೆಲ್ಲ? ನಿಮ್ಮವ್ವಗ ಒಂದ ಫೋನ ಹಚ್ಚು.”

ಎಲ್ಲರೂ ಮಹಾನಂದಾಳ ಕಡೆ ನೋಡಿದರು. ಅವಳು ಮಾವನ ತಾಟಿಗೆ ಅನ್ನ ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಯಲ್ಲಿಟ್ಟಳು.

“ನಮ್ಮವ್ವ ಕೆಂಪ ಸೀರಿಗಿ ಕುಬಸಾ ಹೊಲಿಸ್ಯಾಳ್ರಿ ಮಾವಾರ. ಅಪ್ಪ ಹೋದ ಮ್ಯಾಲ ಒಂದ ಸಲಾನೂ ಕೆಂಪ ಉಟ್ಟಿರಲಿಲ್ಲ. ನಾ ಫೋನ ಹಚ್ಚಂಗಿಲ್ಲ.”

ಬಸಗೊಂಡಪ್ಪ ಮಗನ ಕಡೆ ನೋಡಿದ. ಬಸವಕುಮಾರ ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳಿ ಉಪ್ಪಿನ ಡಬ್ಬಿ ಹುಡುಕಲು ಹೊರಟ.

“ನಿಮ್ಮನ್ನ ಎರಡ ಸಲ ಕೇಳಿದ್ದೆ,” ಎಂದಳು ಶಿವಗಂಗವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. “ಮಜ್ಜಿಗಿ ಹಾಕ್ಲೇನು?”

ಭಾನುವಾರ ಸಂಜೆ ಜಮಖಂಡಿಯಿಂದ ಮುಂಬಯಿ ಬಸ್ಸು. ಬಿಡಲು ಎಲ್ಲರೂ ಹೋಗಿದ್ದರು. ಬೀಳಗಿಯಿಂದ ಬಂದಿದ್ದ ಪಾರವ್ವ ಕಿಟಕಿಯ ಸೀಟು ಹಿಡಿದಿದ್ದಳು. ಕಿಟಕಿಯಲ್ಲಿ ಮುಖ ಹಾಕಿ ಮಹಾನಂದಾ ಇಬ್ಬರಿಗೂ ಮಾತ್ರೆಯ ಪಾಠವನ್ನು ಮೂರನೆಯ ಸಲ ಒಪ್ಪಿಸಿದಳು. ಬಸಗೊಂಡಪ್ಪ ಒಂದು ಡಜನ್ ಬಾಳೆಹಣ್ಣು ಕೊಂಡು ತಂದು ಕಿಟಕಿಯೊಳಗೆ ಕೊಟ್ಟ.

ಸೋಮವಾರ ಅವನು ಮಧ್ಯಾಹ್ನದ ಊಟಕ್ಕೆ ಬಂದವನು ಅಂಗಡಿಗೆ ತಿರುಗಿ ಹೋಗಲಿಲ್ಲ. ಫೋನ್ ಬಂದದ್ದು ಸಂಜೆ ಆರರ ಸುಮಾರಿಗೆ. ಕಾವ್ಯ ಫೋನನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು. ಮೊದಲು ಶಿವಗಂಗವ್ವನ ಹಣೆ ಕಾಣಿಸಿತು, ಆಮೇಲೆ ಆಕಾಶ.

“ಆಯಿ, ಫೋನ್ ಕೆಳಗ ಮಾಡು! ಹೆಂಗೈತಿ?”

“ಕಾವ್ಯಾ, ಇದು ಹಡಗಲ್ಲ ಬೇ, ನಮ್ಮ ಬನಹಟ್ಟಿ ಪ್ಯಾಟಿ. ಲಿಫ್ಟ ಐತಿ, ಅಂಗಡಿ ಅದಾವ. ಹೊಂಟೈತೋ ನಿಂತೈತೋ ಗೊತ್ತಾಗೂದಿಲ್ಲ. ದಂಡಿ ಸರಿಯಾಕತ್ತೈತಿ, ಅದಕ್ಕ ಹೊಂಟೈತಿ ಅನ್ನೂದು.”

ಬದಿಯಿಂದ ಕೆಂಪು ಸೀರೆ ಬಂತು. “ಮಹಾನಂದಾ, ವಾಂತಿ ಇಲ್ಲ ಏನಿಲ್ಲ. ನಿಮ್ಮತ್ತಿ ಎರಡ ಸಲ ಐಸ್‌ಕ್ರೀಮ್ ತಿಂದಾಳ. ನಿನ್ನ ಲಗ್ನದ ಬಸ್ತಾದಾಗ ನಮಗ ಯಾವ ಕಪಾಟಿನ ಸೀರಿ ಕೊಟ್ಟಿದ್ರು, ಎಲ್ಲಾ ಕೇಳಿದೆ!”

“ಸುರು ಆತು,” ಎಂದು ಮಹಾನಂದಾ ತಲೆಯ ಮೇಲೆ ಕೈಯಿಟ್ಟಳು.

“ಮಂದಿ ತೋರ್ಸು,” ಎಂದ ಬಸಗೊಂಡಪ್ಪ. ಫೋನಿನ ಹತ್ತಿರ ಬಾಗಿದ. “ಎಂಥಾ ವಯಸ್ಸಿನವ್ರ ಅದಾರ, ತಿರುಗಿಸಿ ತೋರ್ಸು.”

“ನಾನೂ ನೋಡಾಕತ್ತೇನ್ರಿ. ಎಲ್ಲಾ ನಮೂನಿ ಅದಾರ. ತಡೀರಿ.”

ಚಿತ್ರ ಅಲುಗಾಡುತ್ತ ತಿರುಗಿತು. ಕಟಾಂಜನದ ಗುಂಟ ಕುರ್ಚಿಗಳು, ಫೋಟೋ ತೆಗೆದುಕೊಳ್ಳುವ ಹುಡುಗಿಯರು, ಒಬ್ಬ ಅಪ್ಪನ ಹೆಗಲ ಮೇಲೆ ಮಗು, ಬಿಳಿ ಟೊಪ್ಪಿಗೆಯ ಮುದುಕನೊಬ್ಬ, ಅವರೆಲ್ಲರ ಹಿಂದೆ ಸಂಜೆಯ ಬಿಸಿಲು ಬಿದ್ದ ನೀರು. ನೀರಿಗೆ ಆಚೆ ದಂಡೆ ಇರಲಿಲ್ಲ. ಶಿವಗಂಗವ್ವ ಏನೋ ಹೇಳಲು ಸುರುಮಾಡಿದಳು. ಅಷ್ಟರಲ್ಲಿ ಚಿತ್ರ ನಿಂತಿತು, ಕರೆ ಕಡಿಯಿತು.

“ಮತ್ತ ಹಚ್ಚು.”

“ಹತ್ತೂದಿಲ್ಲ ಮುತ್ಯಾ. ದಂಡಿ ಬಿಟ್ಟ ದೂರ ಹೋದ್ರು. ಇನ್ನ ಗೋವಾ ಮುಟ್ಟಿದ ಮ್ಯಾಲ.”

ಮಹಾನಂದಾ ಚಹಾಕ್ಕೆ ಇಡಲು ಎದ್ದಳು. ಬಸಗೊಂಡಪ್ಪ ಕಪ್ಪಾದ ಪರದೆಯನ್ನೇ ನೋಡುತ್ತಿದ್ದ.

“ಬಿಳಿ ಟೊಪಿಗಿ ಹಾಕ್ಕೊಂಡ ಕುಂತಿದ್ನಲ್ಲ, ಅವನ ವಯಸ್ಸ ಎಷ್ಟಿರಬೇಕು?”

“ನಿಮಗಿಂತ ದೊಡ್ಡಾವ ಅನಸ್ತಾನ. ಎಂಬತ್ತರ ಆಜೂಬಾಜೂ.”

“ಒಬ್ಬಾವನ ಬಂದಾನೇನು?”

“ಇಲ್ಲ ಮುತ್ಯಾ,” ಎಂದಳು ಕಾವ್ಯ. “ಬಾಜೂಕ ಅವನ ಹೆಂಡ್ತಿ ಕುಂತಿದ್ಲು.”